ಎಡಗೈಯಲ್ಲಿದ್ದ ಹೆಸರು

“ಉಜ್ಜಬ್ಯಾಡ ಚಿಕ್ಕಪ್ಪ, ಕೈ ಬಿಡು!”

ಕಲ್ಲೇಶ್ ಎಸೆದ ಚೆಂಬು ಅಂಗಳದಲ್ಲಿ ಅಳುತ್ತಿದ್ದವರ ನಡುವೆ ಉರುಳಿಹೋಯಿತು. ಹಲಗೆಯ ಮೇಲೆ ಕೂರಿಸಿದ್ದ ಅಪ್ಪ ಓಂಕಾರಪ್ಪನ ಹೆಣದ ಎಡಗೈ ಮೈಲಾರಿಯ ಹಿಡಿಯಲ್ಲಿತ್ತು, ಸೋಪಿನ ನೊರೆ ನೀಲಿಯಾಗಿತ್ತು. ಅಣ್ಣನ ಸುದ್ದಿ ಕೇಳಿ ಮೈಲಾರಿ ಸೊಕ್ಕೆಯಿಂದ ಮೊದಲ ಬಸ್ಸಿಗೇ ಓಡಿ ಬಂದಿದ್ದ.

“ಮಸಿ ಕಣೋ. ಹಿಂಗೇ ಕಳಿಸಾಕೆ ಆಗ್ತೈತಾ ಅಣ್ಣನ್ನ?”

“ಮಸಿ ಅಲ್ಲ ಅದು, ಹೆಸರು.”

ಕಲ್ಲೇಶ್ ಬಗ್ಗಿ ಓದಿದ. ಶಂಕರಮ್ಮ, ೮೨, ಕತ್ತಲಗೆರೆ. ಅದರ ಕೆಳಗಿನ ಸಾಲು ನೀರಿನ ಜೊತೆ ಹರಿದುಹೋಗಿತ್ತು. ನಿನ್ನೆ ಸಂಜೆ ಯಾರದೋ ಸಾವಿನ ಸುದ್ದಿ ಬರೆದುಕೊಂಡು ಬಂದ ಅಪ್ಪ, ಗಾಡಿಯ ಸ್ಟ್ಯಾಂಡ್ ಹಾಕಿ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲೇ ಇಲ್ಲ. ಸುದ್ದಿ ಕೈಯಲ್ಲೇ ಉಳಿದಿತ್ತು.

*

ಓಂಕಾರಪ್ಪ ಜಗಳೂರು ಕಡೆಯ ಸೊಕ್ಕೆ ಬಿಟ್ಟು ಚನ್ನಗಿರಿಗೆ ಬಂದದ್ದು ಮೂವತ್ತು ವರ್ಷದ ಹಿಂದೆ, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು. ಆಮೇಲೆ ಜಿಲ್ಲಾ ಪತ್ರಿಕೆಗೆ ವರದಿಗಾರನಾದ. ಊರಿನಲ್ಲಿ ಬದುಕಿದ್ದವರು ಯಾರೂ ಅವನನ್ನು ಮನೆಯೊಳಗೆ ಕರೆಯಲಿಲ್ಲ. ಸತ್ತವರ ಮನೆಯವರು ಕರೆದರು. ಹೀಗೆ ಒಂದೊಂದು ಸಾವಿಗೆ ಒಂದೊಂದು ಮನೆಯಂತೆ ಅವನು ಆ ಊರನ್ನು ಕಲಿತ. ಊರವರಿಗೆ ಮಾತ್ರ ಕೊನೆಯವರೆಗೂ ‘ಜಗಳೂರು ಓಂಕಾರಪ್ಪ’ನೇ.

ರಾತ್ರಿ ಊಟಕ್ಕೆ ಕೂತಾಗ ಎಡಗೈ ಮೊಣಕಾಲ ಮೇಲೆ ಅಂಗಾತ ಇರುತ್ತಿತ್ತು. ಹೆಂಡತಿ ಅಂಜಿನಮ್ಮ ಬೈಯುತ್ತಿದ್ದಳು: “ಸತ್ತೋರನ್ನ ಕೈಯಾಗೆ ಹಿಡ್ಕಂಡು ಉಣ್ಣಾಕೆ ಕುಂತೀರಲ್ರೀ.”

“ಚೀಟಿ ಕಳೀತೈತೆ ಕಣೆ. ಕೈ ಎಲ್ಲಿ ಕಳೀತೈತೆ?”

ಅವನಿಗೆ ಇದ್ದದ್ದು ಒಂದೇ ನಿಯಮ, ಮೊದಲು ಹೋದವರದು ಮೊದಲು. ಕಲ್ಲೇಶ್ ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲಾ ಸಮಿತಿಯ ಅಧ್ಯಕ್ಷ ರಘುನಾಥನ ತಂದೆ ತೀರಿಕೊಂಡರು. ಅದರ ಹಿಂದಿನ ದಿನ ಒಬ್ಬ ಹಮಾಲಿ ಸತ್ತಿದ್ದ. ಪುಟದಲ್ಲಿ ಒಂದೇ ಜಾಗ. ಓಂಕಾರಪ್ಪ ಹಮಾಲಿಯ ಸುದ್ದಿ ಕಳಿಸಿದ. ಮರುದಿನದಿಂದ ಶಾಲೆಯಲ್ಲಿ ಕಲ್ಲೇಶನಿಗೆ ಬೆಂಚು ಸಿಗಲಿಲ್ಲ, ಹದಿನೈದು ದಿನ ಗೋಡೆಗೆ ಆತು ನಿಂತ. ಹದಿನಾರನೆಯ ದಿನ ಚೀಲವನ್ನು ಕಾಂಪೌಂಡಿನ ಆಚೆಗೆ ಎಸೆದು, ಹೊನ್ನಾಳಿಯ ಗ್ಯಾರೇಜಿಗೆ ಸೇರಿಕೊಂಡ.

“ಒಂದಿನ ಅವರದ್ದು ಹಾಕಿದ್ರೆ ನಿಂದೇನು ಹೋಗ್ತಿತ್ತು?” ಎಂದು ಕೂಗಿದ್ದ ಅಪ್ಪನ ಮೇಲೆ.

“ಸರದಿ ಸರದೀನೇ ಕಣೋ” ಎಂದಿದ್ದ ಅಪ್ಪ. ಅಷ್ಟೇ. ಅವತ್ತಿನಿಂದ ಅವರಿಬ್ಬರ ಮಧ್ಯೆ ಉಳಿದದ್ದು ಹೂಂ, ಉಹೂಂ ಮಾತ್ರ.

*

ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಕಲ್ಲೇಶ್ ಎತ್ತಿದ. ಆ ಕಡೆ ಹುಡುಗಿಯ ದನಿ.

“ಏನ್ರೀ ಓಂಕಾರಪ್ನೋರೇ, ನಾನು ಕತ್ತಲಗೆರೆ ಚೈತ್ರಶ್ರೀ. ನಮ್ಮಜ್ಜಿ ಸುದ್ದಿ ಇವತ್ತು ಬರ್ತೈತೆ ಅಂದಿದ್ರಿ. ಬೆಳಿಗ್ಗೆಯಿಂದ ಪೇಪರ್ ತಿರುವಿ ಹಾಕಿ ಸಾಕಾಯ್ತು. ಬಸ್ ಸ್ಟ್ಯಾಂಡ್‌ನಾಗೆ ಶೇಂಗಾ ಮಾರೋಳು, ಇವಳದೇನು ಹಾಕೋದು ಅಂತ ಬಿಟ್ರಾ?”

“ಯಾರಿಗ್ರೀ ಹೇಳ್ತಿದ್ದೀರಿ? ಹೆಣ ಇಲ್ಲೇ ಐತೆ, ಬಂದು ಬೈದು ಹೋಗ್ರಿ!”

ಆ ಕಡೆಯ ದನಿ ಸಣ್ಣದಾಯಿತು: “ನಿನ್ನೆ ಸಂಜೆ ನಮ್ಮನೇಲಿ ಟೀ ಕುಡುದ್ರಲ್ಲಣ್ಣ... ನಂದು ತಪ್ಪಾಯ್ತು. ನಮ್ದೇನೂ ಬ್ಯಾಡ ಬಿಡಣ್ಣ.”

“ತಡಿ, ಇಡಬ್ಯಾಡ. ಅಜ್ಜಿಗೆ ಎಷ್ಟು ಜನ ಮಕ್ಳು?”

“ಇಬ್ರು ಗಂಡು, ಇಬ್ರು ಹೆಣ್ಣು.”

ಅದನ್ನು ಕೇಳಿಟ್ಟುಕೊಂಡು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದ. ಡೆಸ್ಕಿನವನಿಗೆ ವಿಷಯ ಮುಟ್ಟಿತ್ತು.

“ಛೆ, ಹಿಂಗಾಗಬಾರದಿತ್ತು ಕಲ್ಲೇಶ್. ಅಪ್ಪಾರ ಫೋಟೋ ನಮ್ಮತ್ರಾನೇ ಐತೆ, ವಿವರ ಹೇಳು. ಇವತ್ತು ಬೇಗ, ಮೂರಕ್ಕೇ ಪುಟ ಮುಗೀತೈತೆ.”

“ಇನ್ನೊಂದು ಐತೆ ಸರ್, ಕತ್ತಲಗೆರೇದು. ಮೊನ್ನೆ ತೀರ್ಕಂಡಿದ್ದು.”

“ಪುಟದ ತುಂಬ ಜಾಹೀರಾತು ಮಾರಾಯ. ಒಂದೇ ಜಾಗ ಇರೋದು. ಅದನ್ನ ನಾಳೆ ನೋಡಣ.”

ಗಂಟೆ ಎರಡೂವರೆ. ನ್ಯಾಮತಿಯಿಂದ ಬಂದಿದ್ದ ತಂಗಿ ಅಂಬಿಕಾ ತೋಳು ಹಿಡಿದಳು. “ಅಪ್ಪಂದೇ ಕೊಡಣ್ಣ. ಒಂದಿನಾನಾದ್ರೂ ಈ ಊರು ಅಪ್ಪನ ಮುಖ ನೋಡ್ಲಿ.”

ಅವನ ಹೊಟ್ಟೆಯೊಳಗಿನ ಮಾತೂ ಅದೇ ಆಗಿತ್ತು. ಅಮ್ಮನ ಕಡೆ ನೋಡಿದ. ಅಂಜಿನಮ್ಮ ಗಂಡನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದಳು. ಮಣಿಕಟ್ಟು ಒರೆಸಿದಳು, ಒಂದೊಂದೇ ಬೆರಳು ಒರೆಸಿದಳು. ಅಂಗೈ ಮುಟ್ಟಲಿಲ್ಲ.

“ಥೂ! ಸತ್ತ ಮೇಲೂ ಬಿಡಲ್ಲ ನೀನು!” ಕಲ್ಲೇಶ್ ಅಪ್ಪನ ಮೇಲೇ ಕೂಗಾಡಿದ. ಯಾರೋ “ಏಯ್, ಹುಡ್ಗಾ” ಎಂದು ಗದರಿದರು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

“ಬರ್ಕಳ್ರಿ ಸರ್. ಶಂಕರಮ್ಮ. ಎಂಬತ್ತೆರಡು. ಕತ್ತಲಗೆರೆ. ಇಬ್ಬರು ಪುತ್ರರು, ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ.”

“ಅಪ್ಪಾರದ್ದು?”

“ಸರದಿ ಐತೆ. ನಾಳೆ.”

ಫೋನ್ ಇಟ್ಟು ಸೋಪು ತೆಗೆದುಕೊಂಡ. ಅಪ್ಪನ ಅಂಗೈಯನ್ನು ತಾನೇ ಉಜ್ಜಿದ, ನೀಲಿ ಪೂರಾ ಹೋಗುವ ತನಕ. ಕೈ ಒರೆಸಿಕೊಂಡು ಅದೇ ಅಂಗಿಯ ಜೇಬಿನಿಂದ ಪೆನ್ನು ಎಳೆದು ತನ್ನ ಎಡ ಅಂಗೈ ಮೇಲೆ ಅಪ್ಪನ ಹೆಸರು ಬರೆಯತೊಡಗಿದ. ಗ್ರೀಸು ಕುಡಿದ ಚರ್ಮದ ಮೇಲೆ ಪೆನ್ನು ಜಾರಿತು. ಎರಡೆರಡು ಸಲ ತಿದ್ದಿದ.

ಅಕ್ಷರ ಬಾರದ ಮೈಲಾರಿ ಬಗ್ಗಿ ನೋಡಿದ. “ಯಾವೂರು ಅಂತ ಬರ್ದೆ?”

“ಚನ್ನಗಿರಿ.”

“ಹೂಂ, ಸರಿ. ನಮ್ಮೂರಾಗೂ ಅವನು ಚನ್ನಗಿರಿ ಓಂಕಾರೀನೇ.”

*

ಗುಂಡಿಯ ಸುತ್ತ ಮೂವತ್ತು ನಲವತ್ತು ಜನ. ಕಲ್ಲೇಶ್ ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದು ಹಾಕಿದ.

“ಮಗ ಆದೋನು ಎರಡೂ ಕೈಲಿ ಹಾಕ್ಬೇಕಪ್ಪ” ಎಂದರು ಹಿಂದಿನಿಂದ ಹಿರಿಯರೊಬ್ಬರು.

ಅವನು ತಿರುಗಿ ನೋಡಲಿಲ್ಲ. ಮತ್ತೊಂದು ಹಿಡಿ ಹಾಕಿದ, ಮಗದೊಂದು. ಬಿಸಿಲಿಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅದನ್ನೂ ಮಣ್ಣು ಮೆತ್ತಿದ ಬಲಗೈಯಲ್ಲೇ ಒರೆಸಿಕೊಂಡ. ಎಡಗೈಯನ್ನು ಒದ್ದೆಯಾಗದಂತೆ, ಮಣ್ಣು ತಾಗದಂತೆ ಮುಷ್ಟಿ ಕಟ್ಟಿ ಎದೆಗೆ ಒತ್ತಿ ಹಿಡಿದಿದ್ದ.