ಕಾವಲು ಕೂತರೆ ಬಾರದ ನಿದ್ದೆ

ಮಲಗಿರುವ ಯಾವ ಪ್ರಾಣಿಯನ್ನೇ ಕಂಡರೂ ಎಬ್ಬಿಸಿ, ಅದು ಬದುಕಿದೆಯೆಂದು ಖಾತ್ರಿ ಮಾಡಿಕೊಳ್ಳದೆ ಮುಂದಕ್ಕೆ ಹೆಜ್ಜೆಯಿಡಲಾರದ ಮನುಷ್ಯ ನಮ್ಮ ರುದ್ರಸ್ವಾಮಿ. ಯಾರ ನಿದ್ದೆಯೂ ಕೆಡಬಾರದೆಂಬ ತುದಿಗಾಲ ನಡಿಗೆ, ಕೆಡಿಸದೆ ಬಿಡಲಾರದ ಸ್ವಭಾವ. ಯಾದವಗಿರಿಯ ನಮ್ಮ ಬೀದಿಯ ನಾಯಿಗಳು ಅವನ ನೆರಳು ಬಿದ್ದೊಡನೆ ತಾವಾಗಿಯೇ ತಲೆಯೆತ್ತಿ, "ಇದೀವಿ, ನಡಿ" ಎಂಬಂತೆ ಬಾಲವಾಡಿಸಿ ಮತ್ತೆ ಮಲಗುತ್ತಿದ್ದವು. ಫೋನಿನಲ್ಲಿಯೂ ಅವನಿಗೆ ಹಲೋ ಇಲ್ಲ, ಹಾಡುಹಗಲಿನಲ್ಲೇ "ಎಚ್ಚರ ಇದೀಯೇನೋ?" ಎಂದು ಶುರು. ನಾನು ಸರ್ಕಾರಿ ಕಚೇರಿಯ ನೌಕರ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರುತ್ತಿದ್ದುದು ಅಪರೂಪ.

ಇಂಥವನಿಗೆ ದೈವ ಕರುಣಿಸಿದ ಉದ್ಯೋಗವೆಂದರೆ ಚಿಪ್‌ಗಳನ್ನು ಮಲಗಿಸುವುದು! ಬೆಸುಗೆಯ ಕಾವಿಗೆ ತೂತುಬಿದ್ದ ಬೂದು ಸ್ವೆಟರ್ ತೊಟ್ಟು, ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಬ್ಯಾಟರಿಯ ಉಪಕರಣಗಳನ್ನು ರೂಪಿಸುತ್ತಿದ್ದ. ಕೆಲಸವಿಲ್ಲದಾಗ ಒಳಗಿನ ಚಿಪ್ ಮಲಗಬೇಕು, ಇಲ್ಲವಾದರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಕರೆದೊಡನೆ ಏಳಬೇಕು, ಇಲ್ಲವಾದರೆ ಉಪಕರಣವಿದ್ದೂ ವ್ಯರ್ಥ.

ಎರಡು ಸಾವಿರದ ನಾಲ್ಕರಲ್ಲಿ ಅವನ ತಾಯಿ ಶಾಂತಾದೇವಿಯವರಿಗೆ ಹೃದಯದ ತೊಂದರೆ ಕಾಣಿಸಿತು. ಚೆನ್ನಾಗಿ ನಿದ್ದೆ ಮಾಡಿಸಿ ಎಂದರು ವೈದ್ಯರು. ಮಗ ತಾನೇ ಒಂದು ಕರೆಗಂಟೆ ಮಾಡಿ, ಗುಂಡಿಯನ್ನು ತಾಯಿಯ ದಿಂಬಿನ ಪಕ್ಕ, ಗಂಟೆಯನ್ನು ನಡುಮನೆಯಲ್ಲಿ ಇಟ್ಟ. ಒಂದು ಮಧ್ಯಾಹ್ನ ಅವನು ಇಣುಕಿದಾಗ ಆಕೆ ಗೊಣಗುತ್ತಿದ್ದರು: "ಒಂದ್ ಲೋಟ ನೀರಿಗೆ ಒತ್ತಿ ಒತ್ತಿ ಬೆರಳು ಸೋತೋಯ್ತು ಕಣೋ. ನಿನ್ ಗಂಟೆ ಮಲಗ್ಬುಟ್ಟಿದೆ."

ರುದ್ರಸ್ವಾಮಿಯ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಈ ಸಲ ನೀರು, ಸರಿ, ಎದೆನೋವಿಗೆ ಕರೆದಿದ್ದರೆ?

ಗಂಟೆಯನ್ನು ಕಾರ್ಖಾನೆಗೆ ಒಯ್ದು, ಕಂಪ್ಯೂಟರಿನಿಂದ ಅದರ ಚಿಪ್‌ನ ಒಳಗನ್ನು ಇಣುಕಿ ನೋಡುವ ತಂತಿ ಜೋಡಿಸಿದರೆ ಆ ಚಿಪ್ ಎಷ್ಟು ಸಲ ಕರೆದರೂ ವಿಧೇಯ ಶಿಷ್ಯನಂತೆ ಎದ್ದು ಕೂರುತ್ತಿತ್ತು. ತಂತಿ ಬಿಡಿಸಿ ಮನೆಗೆ ತಂದರೆ ಮತ್ತೆ ಕುಂಭಕರ್ಣ. ಗಂಟೆಯನ್ನು ನಂಬಲಾರದೆ ಅವನು ತಾಯಿಯ ಪಕ್ಕ ಕುರ್ಚಿ ಎಳೆದುಕೊಂಡು, ಆಕೆಯ ಉಸಿರಿನ ಏರಿಳಿತವನ್ನೇ ನೋಡುತ್ತ ದಿನಗಟ್ಟಲೆ ಕೂತ. ಕಡೆಗೆ ಆ ತಾಯಿ ಕಣ್ಣು ಮುಚ್ಚಿಕೊಂಡೇ ಗದರಿದರು:

"ಹಿಂಗೆ ದಿಟ್ಟಿಸ್ಕೊಂಡ್ ಕೂತ್ರೆ ನಿದ್ದೆ ಎಲ್ಲಿಂದ ಬರ್ಬೇಕೋ? ನಿನ್ ಸಮಾಧಾನಕ್ಕೆ ಕಣ್ ಮುಚ್ಕೊಂಡಿದೀನಿ, ಅಷ್ಟೆ. ಎದ್ದೋಗು ಆಚೆ!"

ಅವನು ಎದ್ದ, ಆಚೆಗಲ್ಲ, ನೇರ ಕಾರ್ಖಾನೆಗೇ ಓಡಿದ. ನಮ್ಮ ಗೇಟಿನ ಮುಂದೆ ಹೋದರೂ ನನಗೆ ಎಚ್ಚರವಿದೆಯೇ ಎಂದು ಕೇಳಲಿಲ್ಲವಾಗಿ, ಆ ದಿನ ನನಗೇ ಗಾಬರಿಯಾಯಿತು. ಅವನಿಗೆ ಹೊಳೆದದ್ದು ಇಷ್ಟು: ಇಣುಕುವ ತಂತಿ ಇರುವತನಕ ಚಿಪ್‌ನ ಒಳಗಡಿಯಾರ ನಿಲ್ಲುವುದೇ ಇಲ್ಲ, ಅದೂ ಅಮ್ಮನ ಹಾಗೆ ಬರಿದೇ ಕಣ್ಣು ಮುಚ್ಚಿಕೊಂಡಿರುತ್ತದೆ. ತಂತಿ ತೆಗೆದರೆ ಮಾತ್ರ ನಿಜವಾದ ನಿದ್ದೆ, ಗಡಿಯಾರ ಸ್ತಬ್ಧ. ಇವನು ಅದಕ್ಕೆ ವಿಧಿಸಿದ್ದು 'ಗುಂಡಿ ಒತ್ತಿದ ಕ್ಷಣವನ್ನು ಗುರುತಿಸಿ ಏಳು' ಎಂದು. ಗಡಿಯಾರವೇ ನಿಂತವನಿಗೆ ಕ್ಷಣ ಎಲ್ಲಿಯದು? 'ಗುಂಡಿ ಅದುಮಿದ ಸ್ಥಿತಿಯಲ್ಲಿದ್ದರೆ ಏಳು' ಎಂದು ತಿದ್ದಿದ; ತಂತಿಯನ್ನು ಕಿತ್ತುಹಾಕಿ, ಎದ್ದಾಗ ಬೆಳಗುವ ಒಂದು ಕೆಂಪು ದೀಪವನ್ನಷ್ಟೇ ಸಾಕ್ಷಿಗಿಟ್ಟ.

ಮರುದಿನ ಗಂಟೆಯನ್ನು ಸ್ವಸ್ಥಾನದಲ್ಲಿಟ್ಟು ಅವನು ಹೊರಗಿನ ಜಗಲಿಯಲ್ಲಿ ಕೂತ. ನನ್ನನ್ನೂ ಕೂರಿಸಿಕೊಂಡ, ತನ್ನನ್ನು ಹಿಡಿದಿಡಲಿಕ್ಕೆ. ಮತ್ತೆ ಮತ್ತೆ ಏಳಲು ಹೋದವನನ್ನು ನಾನು ಸ್ವೆಟರಿನ ತೂತಿಗೇ ಬೆರಳು ಹಾಕಿ ಎಳೆದು ಕೂರಿಸಿದೆ. ಒಳಗೆ ಸದ್ದಿಲ್ಲ. ಅವನ ಹಣೆಯಲ್ಲಿ ಬೆವರು. ನಿಜ ಹೇಳಬೇಕೆಂದರೆ ನನ್ನ ಹಣೆಯಲ್ಲೂ. ಗಂಟೆ ಬಾರಿಸಿತು. ಚಪ್ಪಲಿ ಬಿಟ್ಟು ಓಡಿದ, ಹಿಂದೆಯೇ ನಾನು.

ಶಾಂತಾದೇವಿಯವರು ನಿದ್ದೆಯಿಂದ ಆಗಷ್ಟೇ ಎದ್ದ ಕಣ್ಣುಗಳಲ್ಲಿ ಮಗನನ್ನು ನೋಡಿದರು. "ಏನಿಲ್ಲ ಕಣೋ. ಆಚೆ ಸದ್ದೇ ಇಲ್ವಲ್ಲ, ನೀನು ಎಚ್ಚರ ಇದೀಯೋ ಇಲ್ವೋ ಅಂತ ನೋಡ್ದೆ."

ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲುಗಿಸಿ, ಮೊಸರಾಯಿತೇ ಎಂದು ನೋಡುವ ಮಂದಿ ಈ ರುದ್ರಸ್ವಾಮಿಯಂಥವರು. ಇವರ ಪ್ರೀತಿಗೆ ಕಣ್ಣುಂಟು, ರೆಪ್ಪೆಯಿಲ್ಲ. ತಾವು ನೋಡುತ್ತಿರುವುದರಿಂದಲೇ ಲೋಕ ನಡೆಯುತ್ತಿದೆಯೆಂಬ ನಂಬಿಕೆ ಇವರದು. ಬೆನ್ನು ತಿರುಗಿಸಿ ಜಗಲಿಯಲ್ಲಿ ಕೂರುವುದೇ ಇವರ ಪಾಲಿಗೆ ಕಠಿಣ ತಪಸ್ಸು. ಅದನ್ನು ಕಲಿತರೂ, ಕಿವಿಯನ್ನು ಮಾತ್ರ ಒಳಗೇ ಬಿಟ್ಟು ಬಂದಿರುತ್ತಾರೆ.