ಕದದ ಮೇಲಿನ ಗೇಟು

"ಹಿಂಗಾದ್ರ ಗೇಟ್ ತೆಗಿಯೂದರ ಯಾವಾಗ?"

ಮಡಿವಾಳೆಪ್ಪ ತನ್ನನ್ನೇ ಕೇಳಿಕೊಂಡ; ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಕೈಯಲ್ಲಿ ಒಂದು ದುಂಡನೆಯ ನಕ್ಷೆಯಿತ್ತು, ಮುಂದೆ ಸೊಸೆ ಸುನಿತಾ ಹುಬ್ಬಳ್ಳಿಯಿಂದ ತಂದುಕೊಟ್ಟ ಪುಟ್ಟ ರೈಲು. ಎಂಜಿನ್, ಡಬ್ಬಿಗಳು, ಹಳಿಯ ತುಂಡುಗಳು, ಅವನ್ನು ಜೋಡಿಸುವ ನಕ್ಷೆಗಳು. ಅಣ್ಣಿಗೇರಿಯಾಚೆ ರೈಲುಗೇಟು ಕಾಯುತ್ತಿದ್ದ ಅವನು ನಿವೃತ್ತನಾದ ವರ್ಷವೇ ಗೇಟು ಕಿತ್ತು ಹಳಿಯ ಕೆಳಗೆ ರಸ್ತೆ ತೋಡಿದ್ದರು. ಆ ಗೇಟು ಮನೆಯಲ್ಲಾದರೂ ನಿಲ್ಲಬೇಕು; ಬರಿದೆ ನಿಂತರೆ ಸಾಲದು, ಗಾಡಿ ಬಂದಾಗ ಬೀಳಬೇಕು, ಹೋದಾಗ ಏಳಬೇಕು. ಅದೊಂದೇ ಹಟ.

ಚಹಾಕ್ಕೆ ಬಂದ ಗೆಳೆಯ ಇಮಾಮುದ್ದೀನ ಆ ದುಂಡನೆಯ ನಕ್ಷೆಯ ಮೇಲೆ ಬೆರಳಿಟ್ಟ. "ಇದ ಛಲೋ ಐತಿ ನೋಡು. ನಿಂದ್ರೂದ ಇಲ್ಲ, ಸುತ್ತಕೋತ ಇರತೈತಿ."

"ನಿನ್ನ ತಲಿ! ಹೋದ ಗಾಡಿ ಕಣ್ಣ ಮುಚ್ಚಿ ತೆಗಿಯೂದ್ರಾಗ ಮತ್ತ ಬಂತಂದ್ರ ಗೇಟ್ ಹಾಕೇ ಇರಬೇಕು. ಹೊಲಕ್ಕ ಹೋಗೋರು ಅಲ್ಲೇ ಮುದುಕರಾಗ್ತಾರ."

"ಆಟಗಿ ಗಾಡಿಗೆ ಹೊಲಾ ಎಲ್ಲಿಂದ ತಂದ್ಯೋ, ಮಾರಾಯಾ?"

ಮಡಿವಾಳೆಪ್ಪ ನೆಟ್ಟಗಿನ ನಕ್ಷೆಯನ್ನೇ ಆರಿಸಿಕೊಂಡ. ಒಂದು ತುದಿಗೆ ಅಣ್ಣಿಗೇರಿ, ಇನ್ನೊಂದು ತುದಿಗೆ ಹುಲಕೋಟಿ, ನಡುವೆ ಗೇಟು. ಗಾಡಿ ಹೋಗಬೇಕು, ನಿಲ್ಲಬೇಕು, ಮರಳಬೇಕು. ಆದರೆ ನಕ್ಷೆ ಕೇಳಿದ್ದು ಎಂಟು ಅಡಿ. ಮನೆಯಲ್ಲಿದ್ದ ಒಂದೇ ಹಲಗೆ, ಹಳೆಯ ದೇವರ ಮನೆಯ ಕದ, ಆರು ಅಡಿ.

"ಇಬತ್ತಿ ಹಚ್ಚಿದ ಕದಾ ಅದು. ಒಂದು ಮೊಳಿ ಹೊಡದ್ರ ನೋಡ್ರಿ ಮತ್ತ," ಎಂದಳು ಹೆಂಡತಿ ಅನ್ನವ್ವ.

"ಹೊಡಿಯಂಗಿಲ್ಲ. ಮೇಣದಾಗ ಕೂಡಸ್ತೇನಿ."

ಕದವನ್ನು ತೊಳೆದು, ವಿಭೂತಿ ಎಳೆದು, ಎರಡು ಸ್ಟೂಲುಗಳ ಮೇಲೆ ಮಲಗಿಸಿದ. ನಕ್ಷೆಯಲ್ಲಿದ್ದ ಕವಲು ಹಳಿ ಬಿಟ್ಟ, ನಡುವಿನ ಹಾದಿ ಮೊಟಕು ಮಾಡಿದ. ಬಿದಿರಿನ ಸೀಳಿಗೆ ಕೆಂಪು ಬಿಳುಪು ಬಳಿದು ಗೇಟು ನಿಲ್ಲಿಸಿದ.

ಗಾಡಿ ಬಿಟ್ಟರು. ಎಂಜಿನ್ ಅಣ್ಣಿಗೇರಿಯ ತುದಿ ಮುಟ್ಟಿ ನಿಂತಿತು. ಕಡೆಯ ಡಬ್ಬಿಯ ಬಾಲ ಗೇಟಿನ ದಾರಿಗೆ ಅಡ್ಡ ಉಳಿಯಿತು.

ಇಮಾಮುದ್ದೀನ ತೊಡೆ ತಟ್ಟಿಕೊಂಡ. "ಜನ್ಮಪೂರ್ತಿ ಕಡೀ ಡಬ್ಬಿ ನೋಡಿ ನೋಡಿ ಹಸರ ನಿಶಾನಿ ತೋರಿಸಿದಾಂವ, ಬಾಲಾನ ಮರತ್ಯಲ್ಲೋ ಲೇ!"

ಮಡಿವಾಳೆಪ್ಪ ಬಾಗಿ ನೋಡಿದ. ಗೇಟನ್ನು ಆಚೆ ಸರಿಸಿದರೆ ಹುಲಕೋಟಿಯಲ್ಲಿ ನಿಂತ ಗಾಡಿ ಅದೇ ಕೆಲಸ ಮಾಡುತ್ತಿತ್ತು.

"ಒಂದು ಡಬ್ಬಿ ಬಿಚ್ಚು," ಎಂದ ಇಮಾಮುದ್ದೀನ.

"ಅದರಾಗಿನ ಮಂದಿನ್ನ ಎಲ್ಲಿ ಇಳಸ್ಲಿ?"

"ಹಂಗಾರ ಗೇಟ್ ಬಿಡಪಾ."



ಮರುದಿನ ಮಡಿವಾಳೆಪ್ಪ ಪೂಜೆ ಮುಗಿಸಿ, ನಾಲಗೆಯ ಮೇಲೆ ವಚನದ ಸಾಲು ಆರುವ ಮೊದಲೇ ಕದದ ಮುಂದೆ ಕುಳಿತ. ದಾರ ಹಿಡಿದು ಉದ್ದ ಅಳೆದ. ಮತ್ತೆ ಅಳೆದ. ಸುಮ್ಮನೆ ಕೈ ಹೊರಳಿ, ದಾರ ಒಂದು ಮೂಲೆಯಿಂದ ಎದುರಿನ ಮೂಲೆಯತ್ತ ಹೋಯಿತು. ಆರು ಅಡಿಯ ದಾರ ಮೂಲೆ ಮುಟ್ಟಲಿಲ್ಲ; ಓರೆಯಲ್ಲಿ ಕದ ಇನ್ನೂ ಉದ್ದವಿತ್ತು. ಅವನು ಒಬ್ಬನೇ ನಕ್ಕ. ಮೇಣದಲ್ಲಿ ಕೂತ ಹಳಿ ನೋವಿಲ್ಲದೆ ಎದ್ದು ಬಂತು. ಎಲ್ಲವನ್ನೂ ಓರೆಯಾಗಿ ಹಾಸಿದ. ಈಗ ಗಾಡಿ ಯಾವ ತುದಿಗೆ ನಿಂತರೂ ಬಾಲಕ್ಕೂ ಗೇಟಿಗೂ ನಡುವೆ ಒಂದು ಬೆರಳು ಬಯಲು ಉಳಿಯಿತು.

ಸಂಜೆ ಇಮಾಮುದ್ದೀನ ಬಂದಾಗ ಗಾಡಿ ಹುಲಕೋಟಿ ಬಿಟ್ಟಿತ್ತು, ಗೇಟು ಬಿದ್ದಿತ್ತು. ಅವನು ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಚಕ್ಕಡಿಯಂತೆ ಗೇಟಿನ ಮುಂದೆ ಉರುಳಿಸಿ ತಂದ.

"ಮಡಿವಾಳೆಪ್ಪಣ್ಣಾ, ಹತ್ತಿ ಹೇರೇನ್ರಿ. ಗಾಡಿ ಇನ್ನೂ ಅಗದಿ ದೂರ ಐತಿ. ಒಂದ್ ಚೂರ ಎತ್ರಿ, ಸಟ್ಟನ ದಾಟಿಬಿಡ್ತೇನಿ."

ಮಡಿವಾಳೆಪ್ಪ ಹಳಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಎತ್ತಂಗಿಲ್ಲ."