ಗಾಡಿಯೊಳಗಿದ್ದ ಜಾಗ

ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ, ಮುನ್ನೂರು ಜನ ಒಟ್ಟಿಗೇ ಚಪ್ಪಾಳೆ ತಟ್ಟಿದಾಗ ಬಾದನಹಟ್ಟಿಯ ಉಜ್ಜಿನಪ್ಪ ಮುಖ ಎತ್ತಲಿಲ್ಲ. ಪಾಪ, ನಾಚಿಕೆ ಸ್ವಭಾವ ಎಂದುಕೊಂಡರು ಜನ. ಅವನ ಅಕ್ಕನ ಗಂಡ ದೊಡ್ಡಬಸವರಾಜ ಮೈಕು ಹಿಡಿದು, "ನಮ್ಮ ಸಮಾಜದ ನಾಲ್ಕು ಜೀವ ಉಳಿಸಿದ ಪುಣ್ಯಾತ್ಮ ಈತ" ಎಂದು ಹೊಗಳಿದ. ಆ ಮಾತು ಮುಗಿಯುವುದನ್ನೂ ಉಜ್ಜಿನಪ್ಪ ಕಾಯಲಿಲ್ಲ. ಊಟಕ್ಕೂ ಕೂರದೆ ಹಿಂದಿನ ಬಾಗಿಲಿನಿಂದ ಹೊರಬಿದ್ದ.

ಎರಡು ತಿಂಗಳ ಹಿಂದೆ ನಡೆದದ್ದು ಚಪ್ಪಾಳೆ ತಟ್ಟಿದವರಿಗೆ ಪೂರ್ತಿ ಗೊತ್ತಿರಲಿಲ್ಲ.

ಉಜ್ಜಿನಪ್ಪ ಬಾಡಿಗೆಗೆ ಗೂಡ್ಸ್ ಗಾಡಿ ಓಡಿಸುವವನು. ಅವತ್ತು ಮಧ್ಯಾಹ್ನ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅಕ್ಕಿ ಮೂಟೆ ಇಳಿಸಿ ಖಾಲಿ ಗಾಡಿಯಲ್ಲಿ ಊರ ಕಡೆ ಹೊರಟಿದ್ದ. ಕುರುಗೋಡು ಇನ್ನು ನಾಲ್ಕೈದು ಮೈಲಿ ಇರುವಾಗ ರಸ್ತೆಯಲ್ಲಿ ಒಂದು ಜೀಪು, ಒಂದು ಆಟೋ ಮಗುಚಿ ಬಿದ್ದಿದ್ದವು. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಒಂದಕ್ಕೊಂದು ಬಡಿದಿದ್ದವಂತೆ. ಜೀಪಿನಲ್ಲಿದ್ದವರು ನಿಶ್ಚಿತಾರ್ಥ ಮುಗಿಸಿ ಬರುತ್ತಿದ್ದ ಅವನ ನೆಂಟರು. ಆಟೋದಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಿ ವಾಪಸು ಹೊರಟಿದ್ದ ಸಿರುಗುಪ್ಪದ ಕೂಲಿ ಹೆಂಗಸರು.

ದೊಡ್ಡಬಸವರಾಜ ಓಡಿ ಬಂದ. "ದೇವರೇ ಕಳಿಸಿದಂಗ ಬಂದಿ ನೋಡಪಾ! ಮೊದ್ಲು ನಮ್ಮವ್ವನ್ನ ಹತ್ತಸು."

ಅವನ ತಾಯಿ ಎರ್ರಮ್ಮನಿಗೆ ಎಪ್ಪತ್ತು ದಾಟಿತ್ತು. ಮಣಿಕಟ್ಟು ಮುರಿದುಕೊಂಡು ಅಳುತ್ತಿದ್ದಳು. ಇನ್ನೊಬ್ಬಳ ಹುಬ್ಬು ಒಡೆದಿತ್ತು. ಮತ್ತಿಬ್ಬರಿಗೆ ಗಾಬರಿಯೇ ಹೆಚ್ಚು, ಮೈಮೇಲೆ ತರಚು ಗಾಯ ಅಷ್ಟೆ. ಖಾಲಿ ಗೋಣಿಚೀಲ ಹಾಸಿ ನಾಲ್ವರನ್ನೂ ಗಾಡಿಯ ಒಂದು ಪಕ್ಕಕ್ಕೆ ಮಲಗಿಸಿದರು.

ಆಗ ಒಂದು ಹುಡುಗಿ ಬಂದು ಉಜ್ಜಿನಪ್ಪನ ತೋಳು ಹಿಡಿದಳು. ಕಾಲೇಜಿಗೆ ಹೋಗುವ ವಯಸ್ಸು, ಮೈತುಂಬ ಮಣ್ಣು. "ಅಣ್ಣಾ, ನಮ್ಮವ್ವನ್ನೂ ಹಾಕ್ಕೋರಿ. ಕಾಲು ಜಜ್ಜಿ ಹೋಗೈತಿ, ರಕ್ತ ನಿಲ್ಲವಲ್ದು."

ಅವಳು ಕೈತೋರಿಸಿದ ಕಡೆ ಒಬ್ಬ ಹೆಂಗಸು ರಸ್ತೆಯಂಚಿಗೆ ಬಿದ್ದಿದ್ದಳು. ಉಜ್ಜಿನಪ್ಪ ಒಂದು ಹೆಜ್ಜೆ ಅತ್ತ ಇಟ್ಟ. ದೊಡ್ಡಬಸವರಾಜ ಭುಜ ಹಿಡಿದು ತಿರುಗಿಸಿದ. "ಯಾರೋ ಏನೋ. ದಾರ್ಯಾಗ ಹೆಚ್ಚುಕಮ್ಮಿ ಆದ್ರ ಪೊಲೀಸು, ಕೇಸು ಅಂತ ನೀನ ತಿರುಗಬೇಕು. ಆಂಬುಲೆನ್ಸಿಗೆ ಫೋನ್ ಮಾಡ್ಯಾರ. ನಮ್ಮವರ್ನ ಮೊದ್ಲು ಮುಟ್ಟಸು, ನಡಿ."

ಹುಡುಗಿ ಇನ್ನೂ ತೋಳು ಬಿಟ್ಟಿರಲಿಲ್ಲ.

"ಗಾಡಿ ತುಂಬೈತಿ, ತಂಗೀ" ಎಂದ ಉಜ್ಜಿನಪ್ಪ.

ಹುಡುಗಿ ಗಾಡಿಯೊಳಗೆ ಇಣುಕಿದಳು. ಅರ್ಧ ಗಾಡಿ ಖಾಲಿ ಇತ್ತು. ಆಮೇಲೆ ಅವನ ಮುಖ ನೋಡಿದಳು. ತೋಳು ಬಿಟ್ಟು ತಾಯಿಯ ಹತ್ತಿರ ಓಡಿದಳು.

ಆಂಬುಲೆನ್ಸ್ ಬಂದದ್ದು ಮುಕ್ಕಾಲು ಗಂಟೆ ತಡವಾಗಿ. ಸಿರುಗುಪ್ಪದ ಸುಂಕಲಮ್ಮ ಎಂಬ ಕೂಲಿ ಹೆಂಗಸಿನ ಕಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆಯಬೇಕಾಯಿತು ಎಂದು ಮೂರನೆಯ ದಿನ ಪೇಪರಿನಲ್ಲಿ ಬಂತು. ಉಜ್ಜಿನಪ್ಪ ಅದನ್ನು ಚಹಾದಂಗಡಿಯಲ್ಲಿ ಕೂತು ಓದಿದ. ಓದಿ, ಮಡಚಿ, ಅಲ್ಲೇ ಇಟ್ಟು ಬಂದ. ಭಾವ ಹೇಳಿದ್ದಕ್ಕೆ ಬಿಟ್ಟು ಬಂದೆ ಎಂದು ಮನಸ್ಸಿಗೆ ಸಮಾಧಾನ ಹೇಳಿ ನೋಡಿದ. ಆದರೆ ಗಾಡಿ ತುಂಬೈತಿ ಎಂದು ಭಾವ ಹೇಳಿರಲಿಲ್ಲ. ಆ ಸುಳ್ಳು ಅವನದೇ ಬಾಯಿಂದ ಬಂದದ್ದು.

ಸನ್ಮಾನದ ಮಾರನೆಯ ದಿನ ಅವತ್ತು ಮಗುಚಿದ ಆಟೋದ ಚಾಲಕ ಓಬಳೇಶನನ್ನು ಹುಡುಕಿ ವಿಳಾಸ ಕೇಳಿಕೊಂಡು ಸಿರುಗುಪ್ಪಕ್ಕೆ ಹೋದ.

ಬಾಗಿಲಲ್ಲಿ ಅದೇ ಹುಡುಗಿ ನಿಂತಿದ್ದಳು. ಹೆಸರು ಯಶೋಧರಾ ಎಂದು ಓಬಳೇಶ ಹೇಳಿದ್ದ. ನೋಡಿದ ಕೂಡಲೇ ಗುರುತು ಹಿಡಿದಳು. ಬಾಗಿಲಿನಿಂದ ಸರಿದು ನಿಂತಳು. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಪಕ್ಕ ಹುಲಿಗೆಮ್ಮನ ಕ್ಯಾಲೆಂಡರು. ಕೆಳಗೆ ಮಂಚದ ಮೇಲೆ ಸುಂಕಲಮ್ಮ ಕೂತಿದ್ದಳು. ಸೀರೆಯ ಒಂದು ಪಕ್ಕ ಬರೀ ಬಟ್ಟೆಯಾಗಿ ಬಿದ್ದಿತ್ತು.

"ಯಾರಪಾ? ಪರಿಹಾರದ ಆಫೀಸಿನೋರಾ?" ಎಂದಳು. ಅವಳಿಗೆ ಅವನ ಗುರುತಿರಲಿಲ್ಲ.

ಉಜ್ಜಿನಪ್ಪ ನೆಲದ ಮೇಲೆ ಕೂತ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಯವ್ವಾ, ಅವತ್ತು ಗಾಡಿ ತಂದಿದ್ದಾಂವ ನಾನು. ನಿನ್ನ ಮಗಳು ಕೇಳಿದ್ಲು. ಗಾಡ್ಯಾಗ ಜಾಗ ಇತ್ತು. ಇಲ್ಲ ಅಂತ ಅಂದೆ. ನಮ್ಮೋರ್ನಷ್ಟ ಕರ್ಕಂಡು ಹೋದೆ."

ಹೊರಗೆ ಯಾರದೋ ಕೋಳಿ ಕೆದರುವ ಸದ್ದು ಕೇಳುತ್ತಿತ್ತು. ಸುಂಕಲಮ್ಮ ಬೈಯಲಿ, ಉಗುಳಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಅವನು ಕಾದ.

"ಅವತ್ತು ಒಂದು ಮುದುಕಿ ಕೈ ಹಿಡ್ಕಂಡು ಭಾಳ ಅಳ್ತಿತ್ತು" ಎಂದಳು ಕೊನೆಗೆ. "ನಾನು ಬಿದ್ದಲ್ಲಿಂದ ಕೇಳ್ತಿತ್ತು. ಆಕೀ ಕೈ ನೆಟ್ಟಗಾತೇನು?"

ಅವತ್ತು ಆಸ್ಪತ್ರೆಗೆ ಮುಟ್ಟಿಸಿ ಬಂದ ಮೇಲೆ ಎರ್ರಮ್ಮನನ್ನು ಉಜ್ಜಿನಪ್ಪ ಒಂದು ಸಲವೂ ಹೋಗಿ ನೋಡಿರಲಿಲ್ಲ. ನಮ್ಮವರು, ನಮ್ಮವರು ಎಂದು ಒಬ್ಬಳನ್ನು ರಸ್ತೆಯಲ್ಲಿ ಬಿಟ್ಟು ಹೋದವನಿಗೆ ಆ ನಮ್ಮವಳ ಕೈ ಏನಾಯಿತೆಂಬುದೂ ಗೊತ್ತಿರಲಿಲ್ಲ. ಅದನ್ನು ಕೇಳಬೇಕೆಂದು ಹೊಳೆದದ್ದು ಈ ಮಂಚದ ಮೇಲಿದ್ದವಳಿಗೆ. ಅವನು ಮೊಣಕಾಲಿಗೆ ಮುಖ ಒತ್ತಿ ಅತ್ತ.

ಹೊರಡುವಾಗ ಯಶೋಧರಾ ಅಂಗಳದವರೆಗೆ ಬಂದಳು. "ನಮ್ಮವ್ವ ಹಂಗ. ನಾನು ಹಂಗಲ್ಲ. ನಿಮ್ಮ ಎದಿ ಹಗುರ ಮಾಡ್ಕೊಳಾಕ ಬಂದೀರಿ. ಅದಕ್ಕ ನಮ್ಮನಿ ಯಾಕ ಬೇಕು?"

"ಹಗುರ ಆಗಿಲ್ಲವ್ವ" ಎಂದ ಅವನು.

"ಆಗಬಾರದು" ಎಂದಳು ಅವಳು, ಒಳಗೆ ಹೋದಳು.

ಅಲ್ಲಿಂದ ನೇರ ಭಾವನ ಮನೆಗೆ ಹೋದ. ಎರ್ರಮ್ಮ ಪಡಸಾಲೆಯಲ್ಲಿ ಕೂತಿದ್ದಳು, ಕೈ ಇನ್ನೂ ಪಟ್ಟಿಯಲ್ಲಿತ್ತು. ಅವನು ಎಲ್ಲವನ್ನೂ ಹೇಳಿದ. ಮುದುಕಿಯ ಮುಖ ಬಿಳಿಚಿಕೊಂಡಿತು.

"ನನ್ನ ಸಲುವಾಗಿ ಗಾಡಿ ತುಂಬೈತಿ ಅಂದ್ರಲ್ಲೋ! ನಾನು ಕಾಲು ಚಾಚ್ಕಂಡು ಮಲಗಿದ್ನಲ್ಲೋ!"

ದೊಡ್ಡಬಸವರಾಜ ಒಳಗಿನಿಂದ ಬಂದು ಸಿಡುಕಿದ. "ನಿನ್ನ ತಲಿ ನೆಟ್ಟಗೈತೇನಲೇ ಉಜ್ಜಿನಿ? ನಿನ್ನೆ ಶಾಲು ಹೊದಿಸೀವಿ, ಇವತ್ತು ಅಲ್ಲಿ ಹೋಗಿ ತಪ್ಪಾತು ಅಂತ ಕೂತು ಬಂದೀ. ಮಂದಿ ನಮ್ಮ ಸಮಾಜದ ಬಗ್ಗೆ ಏನಂತಾರ?"

"ನನ್ನ ನೆಪ ಹೇಳಿ ಬಿಟ್ಟು ಬಂದ್ರಿ" ಎಂದಳು ಎರ್ರಮ್ಮ ಮಗನಿಗೆ. "ನನ್ನ ಒಂದು ಮಾತು ಕೇಳಿದ್ರೇನು? ಬ್ಯಾಡ ಅಂತಿದ್ನಾ?" ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡಳು. "ಅಂತಿದ್ನೇನೋ. ಗೊತ್ತಿಲ್ಲ. ನೋವಿನಾಗ ಏನಂತಿದ್ನೋ ಯಾಂವ ಬಲ್ಲ. ಕೇಳಬೇಕಿತ್ತು ನೀವು." ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ನಡಿಯೋ ಉಜ್ಜಿನಪ್ಪ, ಆಕೀ ಮನಿಗಿ ಹೋಗಾನು."

ದೊಡ್ಡಬಸವರಾಜ ಅಡ್ಡ ನಿಂತ. ಮುದುಕಿ ಅವನನ್ನು ಬಳಸಿಕೊಂಡು ಹೋದಳು. ಅಂದಿನಿಂದ ಅವನು ಉಜ್ಜಿನಪ್ಪನ ಜೊತೆ ಮಾತು ಬಿಟ್ಟ. ನೆಂಟರಲ್ಲಿ ಹಲವರು ಅವನ ಗಾಡಿಗೆ ಬಾಡಿಗೆ ಹೇಳುವುದನ್ನು ನಿಲ್ಲಿಸಿದರು.

ಸಿರುಗುಪ್ಪದಲ್ಲಿ ಎರ್ರಮ್ಮ ಸುಂಕಲಮ್ಮನ ಮಂಚದ ಮೇಲೆಯೇ ಕೂತಳು. ಪಟ್ಟಿ ಬಿಚ್ಚಿ ಕೈ ಚಾಚಿ ತೋರಿಸಿದಳು. "ನೋಡವ್ವ, ಸೊಟ್ಟ ಕೂತೈತಿ. ರೊಟ್ಟಿ ಬಡಿಯಾಕ ಬರಂಗಿಲ್ಲ ಇನ್ನ." ಸುಂಕಲಮ್ಮ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಬೆರಳು ಮಡಚಿ ಬಿಡಿಸಿ ನೋಡಿದಳು. "ಬರ್ತೈತಿ ತಗೋ ಯವ್ವಾ. ಬಿಸಿನೀರಾಗ ಇಟ್ಕೋ ದಿನಾ." ಆಮೇಲೆ ಇಬ್ಬರೂ ಬಹಳ ಹೊತ್ತು ಅಳುತ್ತ, ನಡುನಡುವೆ ಮೆಣಸಿನಕಾಯಿ ಘಾಟಿನ ಬಗ್ಗೆ, ಡಾಕ್ಟರರ ಸಿಡುಕಿನ ಬಗ್ಗೆ ಮಾತಾಡುತ್ತ ಕೂತರು.

ಅಂಗಳದಲ್ಲಿ ನಿಂತಿದ್ದ ಉಜ್ಜಿನಪ್ಪನ ಹತ್ತಿರ ಯಶೋಧರಾ ಬಂದಳು. ಅವನ ಮುಖ ನೋಡದೆ ಹೇಳಿದಳು. "ಸೋಮವಾರ ಬಳ್ಳಾರಿಗೆ ಹೋಗ್ಬೇಕು. ಹೊಸಾ ಕಾಲಿಗೆ ಅಳತಿ ತಗೋತಾರ. ಅವ್ವಗ ಬಸ್ಸು ಹತ್ತಾಕ ಆಗಲ್ಲ. ಏಳಕ್ಕ ಬರ್ರಿ. ನಾನು ಮಾಫಿ ಮಾಡೀನಿ ಅಂತ ತಿಳ್ಕಬ್ಯಾಡ್ರಿ."

"ತಿಳ್ಕಳಲ್ಲ" ಎಂದ ಉಜ್ಜಿನಪ್ಪ.

ಸೋಮವಾರ ಆರೂವರೆಗೇ ಹೋಗಿ ನಿಂತ. ಸುಂಕಲಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳು ಹಗುರವಾಗಿದ್ದಳು. ಅಷ್ಟು ಹಗುರ ಜೀವವನ್ನು ಅವತ್ತು ಎತ್ತಲಾರದೆ ಹೋದೆನಲ್ಲ ಎಂದುಕೊಂಡು ಗಾಡಿ ಹೊರಡಿಸಿದ. ದಾರಿಯಲ್ಲಿ ಅಪಘಾತವಾದ ಜಾಗ ಬಂದಾಗ ತಾಯಿಯ ಪಕ್ಕ ಕೂತಿದ್ದ ಯಶೋಧರಾ ಮುಖ ಆಚೆ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ. "ಜೊತಿಗಿ ಬಂದೋರು ಯಾರು? ಪೇಶಂಟಿಗೆ ಏನಾಗ್ಬೇಕು?"

ಯಶೋಧರಾ ತಿರುಗಿ ಉಜ್ಜಿನಪ್ಪನನ್ನು ನೋಡಿದಳು. ಏನು ಹೇಳುತ್ತಾನೆಂದು ಕಾಯುತ್ತಿದ್ದಳು.

"ಏನೂ ಆಗ್ಬೇಕಿಲ್ರಿ" ಎಂದ ಅವನು. "ಅವತ್ತು ಈಯಮ್ಮನ್ನ ದಾರ್ಯಾಗ ಬಿಟ್ಟು ಹೋದಾಂವ ನಾನು."

"ಅದನ್ನೇನಂತ ಬರೀಲಿ ನಾನು?" ಚೀಟಿಯವನು ಸಿಡುಕಿದ.

"ಉಜ್ಜಿನಪ್ಪ, ಬಾದನಹಟ್ಟಿ ಅಂತ ಬರ್ಕಳಪಾ" ಎಂದಳು ಗಾಲಿಕುರ್ಚಿಯಲ್ಲಿದ್ದ ಸುಂಕಲಮ್ಮ. "ಹೆಸರು, ಊರು ಸಾಕು. ಹಿಂದ ಮಂದಿ ನಿಂತಾರ."

ಒಳಗೆ ಅಳತೆ ತೆಗೆಯುವಾಗ ಅವಳು ನೋವಿಗೆ ಕೂಗಿಕೊಂಡದ್ದು ಹೊರಗಿನ ಬೆಂಚಿನವರೆಗೂ ಕೇಳಿತು. ಉಜ್ಜಿನಪ್ಪ ಎದ್ದು ಹೋಗಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಕೂಗು ನಿಲ್ಲುವವರೆಗೆ ಅಲ್ಲೇ ಕೂತ. ಆ ಬೆಂಚಿನ ತುದಿಯಲ್ಲಿ ಕೂತಿದ್ದ ಯಶೋಧರಾ ಸ್ವಲ್ಪ ಹೊತ್ತಿನ ಮೇಲೆ, "ಹದಿನೈದು ದಿನಕ್ಕ ಮತ್ತ ಬರ್ಬೇಕಂತ" ಎಂದಳು.

"ಬರ್ತೀನವ್ವ" ಎಂದ ಉಜ್ಜಿನಪ್ಪ.